ನದಿಗೆ ನೀರನ್ನು ತಿರುಗಿ ಒಪ್ಪಿಸುವ ಶಾಸನ



ನದಿಯ ನೀರನ್ನು ಮನುಷ್ಯರಿಗೆ ಹಂಚಿಕೊಡುವ ಶಾಸನಗಳು ಲೋಕದಲ್ಲಿ ಹೇರಳವಾಗಿವೆ. ಹಂಚಿಹೋದ ನೀರನ್ನು ಬೆಲೆ ತೆತ್ತು ಕೊಂಡು ನದಿಗೇ ತಿರುಗಿ ಒಪ್ಪಿಸುವ ಶಾಸನವು ಬಲು ವಿರಳ. ಅಂತಹದೊಂದು ಆಸ್ಟ್ರೇಲಿಯಾ ಖಂಡದಲ್ಲಿ ಜಾರಿಯಲ್ಲಿರುವದು.

ಅಲ್ಲಿಯ ಮರ್ರೆ ಮತ್ತು ಡಾರ್ಲಿಂಗ್ ನದಿಗಳ ಜಲಾನಯನ ಪ್ರದೇಶವು ಸುಮಾರು 10 ಲಕ್ಷ ಚದರ ಕಿಲೋಮೀಟರು. ಎಂದರೆ ಆ ಖಂಡದ ಏಳರಲ್ಲೊಂದು ಪಾಲು. ನಾಲ್ಕು ಸಂಸ್ಥಾನಗಳೂ ರಾಜಧಾನಿಯ ಪ್ರಾಂತವೂ ಅದಕ್ಕೆ ಹಕ್ಕುದಾರರು. ಬತ್ತಕ್ಕೆ, ಹತ್ತಿಗೆ, ದ್ರಾಕ್ಷಿಗೆ ಎಂದು ನೀರಿನ ಪರವಾನಗಿಗಳನ್ನು ಕೊಡುತ್ತ ಹೋದ ಸರಕಾರಗಳು, ಕಡೆಗೆ ನದಿಗೆ ಉಳಿಯುವದೆಷ್ಟು ಎಂಬುದನ್ನು ಎಣಿಸಿದ್ದು ತಡವಾಗಿ. 1981ರಲ್ಲಿ ಮರ್ರೆಯ ಅಳಿವೆಯು ಮರಳಿನಿಂದ ಮುಚ್ಚಿಹೋಯಿತು. ನದಿಯು ಕಡಲನ್ನು ಮುಟ್ಟದಾಯಿತು. 1995ರಲ್ಲಿ ನೀರೆತ್ತುವದಕ್ಕೆ ಮಿತಿ ಹಾಕಿದರು. ಅಷ್ಟರಿಂದಲೇ ತೀರಲಿಲ್ಲ. ಮುಂದಿನ ದೀರ್ಘ ಬರಗಾಲದಲ್ಲಿ, 2002ರಿಂದ, ಯಂತ್ರಗಳಿಂದ ಮರಳು ತೋಡಿ ಅಳಿವೆಯನ್ನು ತೆರೆದಿಡಬೇಕಾಯಿತು.

ಆ ಬರದ ನಡುವೆಯೇ 2007ರಲ್ಲಿ ಜಲಶಾಸನವು ಹುಟ್ಟಿತು. ಅದರ ಮೇರೆಗೆ 2012ರಲ್ಲಿ ಸಿದ್ಧವಾದ ಯೋಜನೆಯು ವರ್ಷಕ್ಕೆ 2,750 ಗಿಗಾಲೀಟರು, ನಮ್ಮ ಲೆಕ್ಕದಲ್ಲಿ ಸುಮಾರು 97 ಟಿ.ಎಂ.ಸಿ. ಅಡಿ ನೀರನ್ನು ನದಿಗೆ ಬಿಡತಕ್ಕದ್ದೆಂದು ಗೊತ್ತುಪಡಿಸಿತು. ಇದಕ್ಕೆ ಮೊದಲು, 2010ರಲ್ಲಿ, ಗ್ರಿಫಿತ್ ಎಂಬ ಊರಿನ ಜನರು ಆ ಯೋಜನೆಯ ಕರಡು ಪ್ರತಿಗಳನ್ನು ಬೆಂಕಿಗೆ ಹಾಕಿದ್ದರು. ಅವರ ಸಿಟ್ಟು ಬರಿಯ ಹಟವೆನ್ನಲಾಗದು. ಇತ್ತ ಡಾರ್ಲಿಂಗಿನ ಮೆನಿಂಡಿ ಎಂಬಲ್ಲಿ 2018-19ರಲ್ಲಿಯೂ 2023ರಲ್ಲಿಯೂ ನೀರಿನಲ್ಲಿ ಪ್ರಾಣವಾಯು ಕುಂದಿ, ಮೀನುಗಳು ಲಕ್ಷಾಂತರವಾಗಿ ಸತ್ತು ತೇಲಿದವು.

2023ರ ಕೊನೆಯಲ್ಲಿ ಹೊಸ ಶಾಸನವು ಬಂದಿತು. ಮೊದಲೇ ಮಾತುಕೊಟ್ಟಿದ್ದ ಹೆಚ್ಚಿನ 450 ಗಿಗಾಲೀಟರು, ಸುಮಾರು 16 ಟಿ.ಎಂ.ಸಿ. ಅಡಿ ನೀರಿಗೆ 2027ರ ಅಂತ್ಯದ ಗಡುವು ಬಿದ್ದಿತು. ನೀರನ್ನು ಕೊಳ್ಳುವದಕ್ಕೆ 2015ರಲ್ಲಿ ಹಾಕಿದ್ದ 1,500 ಗಿಗಾಲೀಟರಿನ ಮಿತಿಯೂ ತೆಗೆಯಲ್ಪಟ್ಟಿತು.

ತೊಡಕು ಇರುವದು ಇಲ್ಲಿಯೇ. ನೀರಿನ ಹಕ್ಕನ್ನು ಮಾರುವ ರೈತನು ತನ್ನ ಇಚ್ಛೆಯಿಂದಲೇ ಮಾರುವನು, ಹಣವನ್ನೂ ಎಣಿಸಿಕೊಳ್ಳುವನು. ಮಾರದ ನೆರೆಯವನಿಗೆ ಆಗುವದೇನು? ಹತ್ತು ಮಂದಿ ಹೊರುತ್ತಿದ್ದ ಕಾಲುವೆಯ ಖರ್ಚನ್ನು ಆರು ಮಂದಿ ಹೊರಬೇಕಾಗುವದು. ಹೊಲದ ಕೂಲಿಯವನಿಗೂ ಊರ ಅಂಗಡಿಯವನಿಗೂ ಮಾರಲು ಹಕ್ಕೇ ಇಲ್ಲ. ಕಳೆದುಕೊಳ್ಳುವದು ಮಾತ್ರ ಉಂಟು. ನದಿಯ ಸಾಲವನ್ನು ತೀರಿಸಲೇಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಸಾಲ ಮಾಡದವನ ಮನೆಯಿಂದ ವಸೂಲು ಮಾಡುವದು ನ್ಯಾಯವಲ್ಲ. ಇಂತಹ ಊರುಗಳ ನೆರವಿಗೆಂದು ಸರಕಾರವು ಬೇರೆ ಹಣ ತೆಗೆದಿರಿಸಿದೆಯಾದರೂ, ವಿಕ್ಟೋರಿಯ ಸಂಸ್ಥಾನವು ಈ ಖರೀದಿಗೆ ಅಡ್ಡ ನಿಂತದ್ದು ಈ ಭಯದಿಂದಲೇ.