ಬೆಂಗಳೂರಿನ ಹೂವಿನ ಪಂಚಾಂಗ

ಬೆಂಗಳೂರಿನ ಹವೆ ತಂಪೆಂಬ ಕೀರ್ತಿ ಹಳೆಯದು. ಅದಕ್ಕೆ ಮುಖ್ಯ ಕಾರಣ ಊರಿನ ಎತ್ತರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಇಲ್ಲಿ ಬಿಸಿಲಿನ ತುದಿ ಏಪ್ರಿಲ್. ಮೇ ತಿಂಗಳ ಗುಡುಗು ಮಳೆ ಆ ಕಾವನ್ನು ಇಳಿಸುತ್ತದೆ. ಮುಂಗಾರಿನ ಹೆಚ್ಚು ನೀರನ್ನು ಪಶ್ಚಿಮಘಟ್ಟಗಳೇ ಹಿಡಿದುಕೊಳ್ಳುವುದರಿಂದ ಜೂನ್, ಜುಲೈಗಳಲ್ಲಿ ಮೋಡ ಹೆಚ್ಚು, ಮಳೆ ಸಾಧಾರಣ. ದೊಡ್ಡ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ.

ಈ ಹದವನ್ನರಿತು ಊರಿಗೆ ಹೂ ಮುಡಿಸಿದವರು 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್. ಒಂದು ಮರದ ಹೂ ಉದುರುವ ವೇಳೆಗೆ ಇನ್ನೊಂದು ಅರಳಬೇಕೆಂಬುದು ಅವರ ಕ್ರಮ. ವರ್ಷದ ಮೊದಲಿಗೆ ಟಬೂಬಿಯಾದ ಗುಲಾಬಿ ಬಣ್ಣ, ಆಮೇಲೆ ಜಕರಾಂಡದ ನೇರಳೆ, ಬೇಸಿಗೆ ಬಲಿತಾಗ ಗುಲ್‌ಮೊಹರಿನ ಕೆಂಪು.

ಕೈತೋಟಕ್ಕೂ ಇದೇ ಪಂಚಾಂಗ. ಜೂನ್‌ನಲ್ಲಿ ನೆಟ್ಟ ಸಸಿ ತುಂತುರಿನಲ್ಲಿ ಬೇರೂರಿ ದೊಡ್ಡ ಮಳೆಗೆ ಸಿದ್ಧವಾಗುತ್ತದೆ.

ಆದರೆ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆಜ್ಞೆ ಮಾಡಬೇಕಾಯಿತು. ಬುಡದವರೆಗೂ ಕಾಂಕ್ರೀಟು ಮೆತ್ತಿದ ಸಾಲುಮರಕ್ಕೆ ಸೆಪ್ಟೆಂಬರಿನ ಮಳೆ ಬಂದೂ ದಕ್ಕುವುದಿಲ್ಲ. ನೀರು ಮೋರಿಯ ಪಾಲಾಗುತ್ತದೆ. ಮರದ ಸುತ್ತ ಒಂದು ಗಜ ಮಣ್ಣು ಬಿಟ್ಟರೆ ಹೂವಿನ ಸಾಲು ಮುಂದಿನವರಿಗೂ ಉಳಿದೀತು.