ಮಂಚದ ಸಂದಿನಲ್ಲಿ ತಿಗಣೆ



ಪಂಚತಂತ್ರದಲ್ಲಿ ಮಂದವಿಸರ್ಪಿಣಿ ಎಂಬ ಹೇನಿನ ಕಥೆ ಬರುತ್ತದೆ. ರಾಜನ ಹಾಸಿಗೆಯಲ್ಲಿ ಅದು ಸದ್ದಿಲ್ಲದೆ ಬಾಳಿಕೊಂಡಿರುತ್ತದೆ. ಒಂದು ದಿನ ಅಗ್ನಿಮುಖ ಎಂಬ ತಿಗಣೆ ಅಲ್ಲಿಗೆ ಅತಿಥಿಯಾಗಿ ಬರುತ್ತದೆ. ರಾಜನಿಗೆ ಗಾಢ ನಿದ್ದೆ ಬರುವ ತನಕ ಕಾಯಬೇಕೆಂದು ಹೇನು ಎಷ್ಟು ಹೇಳಿದರೂ ಕೇಳದೆ ತಿಗಣೆ ಅವಸರಪಟ್ಟು ಕಚ್ಚಿಬಿಡುತ್ತದೆ. ರಾಜ ಎದ್ದು ಕೂಗುತ್ತಾನೆ. ಸೇವಕರು ಬಂದು ಹುಡುಕುತ್ತಾರೆ. ತಿಗಣೆ ಮಂಚದ ಸಂದಿಗೆ ನುಸುಳಿ ಪಾರಾಗುತ್ತದೆ. ಬಟ್ಟೆಯ ಮಡಿಕೆಯಲ್ಲಿದ್ದ ಪಾಪದ ಹೇನು ಸಿಕ್ಕಿಬಿದ್ದು ಸಾಯುತ್ತದೆ.

ಕಥೆಯ ನೀತಿ ಹಾಗಿರಲಿ. ನನಗೆ ಮೆಚ್ಚುಗೆಯಾಗುವುದು ಆ ಕಥೆ ಹೇಳಿದವನ ಕಣ್ಣು. ಹೇನು ಕೂದಲಿನಲ್ಲೋ ಬಟ್ಟೆಯಲ್ಲೋ ನಮ್ಮ ಜೊತೆಗೇ ಇರುತ್ತದೆ. ತಿಗಣೆ ಹಾಗಲ್ಲ. ಅದು ನಮ್ಮ ಮೈಮೇಲೆ ಇರುವುದು ರಾತ್ರಿ ಐದೋ ಹತ್ತೋ ನಿಮಿಷ. ಹೊಟ್ಟೆ ತುಂಬಿದೊಡನೆ ಮತ್ತೆ ಸಂದಿಗೆ ಹೋಗಿ ಕೂರುತ್ತದೆ; ಮುಂದಿನ ಊಟಕ್ಕೆ ಹಲವು ದಿನ ಬಿಟ್ಟು ಹೊರಬರುತ್ತದೆ. ಆದ್ದರಿಂದ ತಿಗಣೆಯನ್ನು ಓಡಿಸಲು ಮೈ ತೊಳೆದರೆ ಸಾಲದು, ಹಾಸಿಗೆ ಕೊಡವಿದರೂ ಸಾಲದು. ಹುಡುಕಬೇಕಾದದ್ದು ಸಂದುಗಳನ್ನು.

ಮೊದಲು ಈ ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ಉತ್ತರ ಕರ್ನಾಟಕದವರು ಇದನ್ನು ತಗಣಿ ಎನ್ನುತ್ತಾರೆ; ಸಂಸ್ಕೃತದಲ್ಲಿ ಮತ್ಕುಣ. ವಿಜ್ಞಾನದಲ್ಲಿ ಮನುಷ್ಯನಿಗೆ ಅಂಟಿಕೊಂಡ ತಿಗಣೆಗಳು ಮುಖ್ಯವಾಗಿ ಎರಡು ಜಾತಿಯವು. ಒಂದು ಸೈಮೆಕ್ಸ್ ಲೆಕ್ಟುಲೇರಿಯಸ್, 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಇದು ತಂಪು ದೇಶಗಳದ್ದು. ಇನ್ನೊಂದು ಸೈಮೆಕ್ಸ್ ಹೆಮಿಪ್ಟೆರಸ್, ಬಿಸಿ ದೇಶಗಳದ್ದು. ಭಾರತದಲ್ಲಿ ಎರಡೂ ಉಂಟು. ಬೆಳೆದ ತಿಗಣೆ ಹುರುಳಿಕಾಳಿನಷ್ಟು ದೊಡ್ಡದು, ಬಣ್ಣವೂ ಹೆಚ್ಚುಕಡಿಮೆ ಅದೇ. ರೆಕ್ಕೆ ಇಲ್ಲ; ಹಾರಲಾರದು, ನೆಗೆಯಲಾರದು, ಆದರೆ ಚುರುಕಾಗಿ ಓಡುತ್ತದೆ. ಹಸಿದಾಗ ಅದರ ಮೈ ಕಾಗದದಂತೆ ಚಪ್ಪಟೆ. ಅಂಚೆ ಕಾರ್ಡು ತೂರುವ ಸಂದು ಅದಕ್ಕೆ ಸಾಕು. ಕಾರ್ಯಕ್ರಮದಲ್ಲಿ ದೊಡ್ಡದು ಮಾಡಿ ತೋರಿಸಿದ ಚಿತ್ರದಲ್ಲಿ ಅದರ ಕೊಕ್ಕನ್ನು ನೀವು ಗಮನಿಸಿರಬಹುದು. ಒಳಗೆ ಎರಡು ನಾಳಗಳಿವೆ. ಒಂದರಿಂದ ಜೊಲ್ಲು ಒಳಗೆ ಹೋಗುತ್ತದೆ, ಇನ್ನೊಂದರಿಂದ ರಕ್ತ ಮೇಲೆ ಬರುತ್ತದೆ. ಆ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿರುತ್ತವೆ. ಕಚ್ಚಿದ ಕ್ಷಣದಲ್ಲಿ ನಮಗೆ ಹೆಚ್ಚಾಗಿ ಗೊತ್ತಾಗುವುದೂ ಇಲ್ಲ. ತುರಿಕೆ ಶುರುವಾಗುವ ಹೊತ್ತಿಗೆ ಕಳ್ಳ ಮನೆ ಸೇರಿರುತ್ತಾನೆ.

ಕತ್ತಲಲ್ಲಿ ಅದು ನಮ್ಮನ್ನು ಹೇಗೆ ಹುಡುಕುತ್ತದೆ? ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ನಮ್ಮ ಮೈಯ ಬಿಸಿ, ಮೈಯ ವಾಸನೆ, ಇವೇ ಅದಕ್ಕೆ ದಾರಿದೀಪ. ಕೊಳಕು ಅಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ತಿಗಣೆ ಇದೆ ಎಂದರೆ ಮನೆಯವರು ಶುಚಿಯಾಗಿಲ್ಲ ಎಂದು ನೆರೆಹೊರೆಯವರು ಮೂಗು ಮುರಿಯುತ್ತಾರೆ. ಆ ನಾಚಿಕೆಗೆ ಹೆದರಿ ಮನೆಯವರು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟು ದಿನವೂ ತಿಗಣೆಗೆ ಲಾಭ. ಗರ್ಭ ಧರಿಸಿದ ಒಂದೇ ಹೆಣ್ಣು ತಿಗಣೆ ಸೂಟ್‌ಕೇಸಿನ ಅಂಚಿನಲ್ಲಿ ಕುಳಿತು ಬಂದರೆ ಸಾಕು, ಸಂಸಾರ ಹೂಡಲು. ಅದು ದಿನಕ್ಕೆ ಒಂದೆರಡರಿಂದ ನಾಲ್ಕೈದರವರೆಗೆ, ಜೀವಮಾನದಲ್ಲಿ 200ರಷ್ಟು ಮೊಟ್ಟೆ ಇಡಬಲ್ಲದು. ಮೊಟ್ಟೆ ಗಸಗಸೆಯಷ್ಟು, ಬಿಳಿ ಬಣ್ಣ, ಮರಕ್ಕೋ ಬಟ್ಟೆಗೋ ಅಂಟಿಕೊಂಡಿರುತ್ತದೆ. ನಮ್ಮ ಹವೆಯಲ್ಲಿ ಆರರಿಂದ ಹತ್ತು ದಿನಕ್ಕೆ ಮರಿ ಹೊರಬರುತ್ತದೆ. ಮರಿ ಐದು ಸಲ ಪೊರೆ ಬಿಡುತ್ತದೆ. ಪ್ರತಿ ಸಲಕ್ಕೂ ಮೊದಲು ಒಂದು ಊಟ ರಕ್ತ ಬೇಕೇ ಬೇಕು. ಒಂದೂವರೆ ತಿಂಗಳೊಳಗೆ ಅದೂ ಮೊಟ್ಟೆ ಇಡಲು ಸಿದ್ಧ.

ಇದರ ವಂಶ ಬಹಳ ಹಳೆಯದು. ಈಜಿಪ್ಟಿನ ಅಮರ್ನಾ ಎಂಬಲ್ಲಿ ಕೆಲಸಗಾರರು ವಾಸಿಸುತ್ತಿದ್ದ ಹಳ್ಳಿಯನ್ನು ಅಗೆದಾಗ ಮೂರು ಸಾವಿರ ವರ್ಷಗಳಿಗೂ ಹಳೆಯ ತಿಗಣೆಯ ಅವಶೇಷ ದೊರೆತಿದೆ. ತಿಗಣೆ ಮೊದಲು ಗುಹೆಯ ಬಾವಲಿಗಳ ರಕ್ತ ಕುಡಿಯುತ್ತಿತ್ತು, ಮನುಷ್ಯ ಗುಹೆ ಸೇರಿದಾಗ ಅವನಿಗೆ ಅಂಟಿಕೊಂಡಿತು ಎಂದು ಹೇಳುವುದುಂಟು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಂಶವೇ ಬಾವಲಿಗಿಂತ ಹಳೆಯದು, 10 ಕೋಟಿ ವರ್ಷಗಳಿಗೂ ಹಿಂದಿನದು ಎಂದು ತೋರಿಸಿತು. ಬಾವಲಿಗೂ ಮೊದಲು ಅದು ಯಾರ ರಕ್ತ ಕುಡಿಯುತ್ತಿತ್ತು ಎಂಬುದು ನಿಮ್ಮಲ್ಲಿ ಯಾರಾದರೂ ಮುಂದೆ ಕಂಡುಹಿಡಿಯಬಹುದಾದ ವಿಷಯ.

ಇಷ್ಟು ಹಳೆಯ ಪ್ರಾಣಿಯನ್ನು ಮನುಷ್ಯ ಒಮ್ಮೆ ಗೆದ್ದೇಬಿಟ್ಟೆ ಎಂದುಕೊಂಡಿದ್ದ. ಸ್ವಿಟ್ಜರ್ಲೆಂಡಿನ ಪೌಲ್ ಮುಲ್ಲರ್ 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದರು. 1948ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ನಮ್ಮ ನಾಡಿಗೂ ಇದಕ್ಕೂ ನೇರ ಸಂಬಂಧವಿದೆ. ಮಲೇರಿಯಾ ತಡೆಯಲು ಹಳ್ಳಿಮನೆಗಳ ಗೋಡೆಗೆ ಡಿಡಿಟಿ ಸಿಂಪಡಿಸುವ ದೊಡ್ಡ ಪ್ರಯೋಗವೊಂದು 1946ರಲ್ಲಿ ನಡೆದದ್ದು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಗುರಿ ಸೊಳ್ಳೆ, ಆದರೆ ಗೋಡೆಯ ಡಿಡಿಟಿ ತಿಗಣೆಯನ್ನೂ ಕೊಲ್ಲುತ್ತಿತ್ತು. ಮಲೇರಿಯಾ ಕಡಿಮೆಯಾದದ್ದು ಕಣ್ಣಿಗೆ ಕಾಣುವುದಿಲ್ಲ. ತಿಗಣೆ ಸತ್ತದ್ದು ಆ ರಾತ್ರಿಯೇ ಗೊತ್ತಾಗುತ್ತದೆ.

ಆದರೆ 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕ ವಸತಿಗಳಲ್ಲಿ ಡಿಡಿಟಿಗೆ ಸಾಯದ ತಿಗಣೆಗಳು ಕಾಣಿಸಿಕೊಂಡಿದ್ದವು. ಮುಂದಿನ ವರ್ಷಗಳಲ್ಲಿ ಭಾರತದಲ್ಲೂ ಅದೇ ಕಥೆಯಾಯಿತು. ಸಿಂಪಡಿಸಿದರೂ ತಿಗಣೆ ಸಾಯದಿದ್ದಾಗ ಕೆಲವೆಡೆ ಜನ ಔಷಧಿ ಸಿಂಪಡಿಸುವವರನ್ನು ಮನೆಯೊಳಗೆ ಬಿಡಲು ಹಿಂಜರಿದರು. ತಿಗಣೆಯಿಂದಾಗಿ ಮಲೇರಿಯಾ ಕೆಲಸಕ್ಕೇ ಅಡ್ಡಿ, ನೋಡಿ!

ಜೀವಶಾಸ್ತ್ರ ಓದುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ವಿಷ ಕುಡಿದು ಕುಡಿದು ತಿಗಣೆಗೆ ಅಭ್ಯಾಸವಾಯಿತು ಎನ್ನುವುದು ಸರಿಯಲ್ಲ. ಸಾವಿರ ತಿಗಣೆಗಳಲ್ಲಿ ಎಲ್ಲೋ ಒಂದೆರಡರ ನರತಂತುವಿನ ರಚನೆಯಲ್ಲಿ ಹುಟ್ಟಿನಿಂದಲೇ ಅಲ್ಪ ವ್ಯತ್ಯಾಸವಿತ್ತು. ಡಿಡಿಟಿ ಅಲ್ಲಿ ಹಿಡಿತ ಸಾಧಿಸಲಾರದೆ ಹೋಯಿತು. ಉಳಿದವು ಸತ್ತವು, ಇವು ಉಳಿದು ಮರಿ ಮಾಡಿದವು. ಡಿಡಿಟಿಯ ನಂತರ ಬಂದ ಪೈರೆಥ್ರಾಯ್ಡ್ ಎಂಬ ಗುಂಪಿನ ಔಷಧಿಗಳೂ ನರದ ಅದೇ ಜಾಗಕ್ಕೆ ಹೊಡೆಯುತ್ತವೆ. ಹಾಗಾಗಿ ಹಳೆಯ ಯುದ್ಧದಲ್ಲಿ ಉಳಿದವರ ಮೊಮ್ಮಕ್ಕಳಿಗೆ ಹೊಸ ಔಷಧಿಯೂ ಅಷ್ಟಾಗಿ ತಟ್ಟಲಿಲ್ಲ. ಕೆಲವಕ್ಕೆ ಮೈಯ ಹೊರಕವಚವೇ ದಪ್ಪವಾಗಿರುವುದೂ ಕಂಡುಬಂದಿದೆ. 1990ರ ದಶಕದ ಕೊನೆಯಿಂದ ನ್ಯೂಯಾರ್ಕ್, ಲಂಡನ್, ಸಿಡ್ನಿಗಳಲ್ಲಿ ತಿಗಣೆ ಮರಳಿ ಬಂತು. 2023ರಲ್ಲಿ ಪ್ಯಾರಿಸ್ ನಗರವೇ ಗಾಬರಿಗೊಂಡಿತು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯೊಂದನ್ನೇ ನೆಚ್ಚಬೇಡಿ ಎನ್ನುವುದು ಇದಕ್ಕಾಗಿ. ಅದೂ ಅಲ್ಲದೆ ಬಹುತೇಕ ಸ್ಪ್ರೇಗಳು ಮೊಟ್ಟೆಗೆ ನಾಟುವುದಿಲ್ಲ.

ಹಾಗಾದರೆ ಯಾವುದಕ್ಕೆ ತಿಗಣೆ ಸಾಯುತ್ತದೆ? ಬಿಸಿಗೆ. ಬಿಸಿಗೆ ಪ್ರತಿರೋಧ ಬೆಳೆಸಿಕೊಳ್ಳುವುದು ವಿಷಕ್ಕೆ ಬೆಳೆಸಿಕೊಂಡಷ್ಟು ಸುಲಭವಲ್ಲ. 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ದೊಡ್ಡ ತಿಗಣೆ ಸುಮಾರು ಒಂದೂವರೆ ಗಂಟೆಯಲ್ಲಿ ಸಾಯುತ್ತದೆ, ಆದರೆ ಮೊಟ್ಟೆ ಸಾಯಲು ಏಳು ಗಂಟೆ ಬೇಕು. 48 ಡಿಗ್ರಿಗೆ ಏರಿಸಿದರೆ ಮೊಟ್ಟೆಯೂ ಒಂದೂಕಾಲು ಗಂಟೆಯೊಳಗೆ ಮುಗಿಯುತ್ತದೆ. 55 ದಾಟಿದರೆ ಹೆಚ್ಚು ಕಾಯಬೇಕಿಲ್ಲ. ನಮ್ಮ ಅಜ್ಜಿಯರು ಮಂಚವನ್ನು ಅಂಗಳಕ್ಕೆ ಎಳೆದು ಸಂದುಸಂದಿಗೂ ಕುದಿಯುವ ನೀರು ಹೊಯ್ಯುತ್ತಿದ್ದುದು ಶುದ್ಧ ವಿಜ್ಞಾನ. ಆದರೆ ಬರೀ ಬಿಸಿಲಿಗೆ ಹಾಕುತ್ತಿದ್ದುದು ಅರ್ಧ ವಿಜ್ಞಾನ. ಹಾಸಿಗೆಯ ಮೇಲ್ಭಾಗ ಕಾದೊಡನೆ ತಿಗಣೆ ಕೆಳಗಿನ ನೆರಳಿಗೆ ಸರಿಯುತ್ತದೆ, ಸಂಜೆ ಹಾಸಿಗೆಯ ಜೊತೆಗೇ ಒಳಗೆ ಬರುತ್ತದೆ.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲು ಖಚಿತಪಡಿಸಿಕೊಳ್ಳಿ. ಮೈಮೇಲಿನ ಗುಳ್ಳೆ ನೋಡಿ ತಿಗಣೆ ಎಂದು ಹೇಳಲಾಗದು. ಸೊಳ್ಳೆಯದೂ ಇರಬಹುದು, ಕೆಲವರಿಗೆ ತಿಗಣೆ ಕಚ್ಚಿದರೆ ಗುಳ್ಳೆಯೇ ಏಳುವುದಿಲ್ಲ. ಟಾರ್ಚ್ ಹಿಡಿದು, ಹಳೆಯ ಪೋಸ್ಟ್ ಕಾರ್ಡೊಂದನ್ನು ಸಂದಿನಲ್ಲಿ ಎಳೆಯುತ್ತ ಹುಡುಕಿ. ಹಾಸಿಗೆಯ ಅಂಚಿನ ಹೊಲಿಗೆ, ಕೌದಿಯ ಮಡಿಕೆ, ಮಂಚದ ಮೂಲೆಯ ಕೂಡು, ಸ್ಕ್ರೂ ತೂತು, ಹೊರಸಿನ ಹಗ್ಗದ ಗಂಟು, ಪ್ಲಾಸ್ಟಿಕ್ ಕುರ್ಚಿಯ ಅಡಿ, ಗೋಡೆಯ ಕ್ಯಾಲೆಂಡರಿನ ಹಿಂಬದಿ, ಸ್ವಿಚ್ ಬೋರ್ಡಿನ ಅಂಚು, ದಪ್ಪ ಪುಸ್ತಕಗಳ ಬೆನ್ನು. ಶಾಯಿ ಹನಿಸಿದಂತೆ ಕಪ್ಪು ಚುಕ್ಕೆಗಳು, ಬಿಟ್ಟ ಪೊರೆಗಳು, ಬಿಳಿ ಮೊಟ್ಟೆಗಳು ಕಂಡರೆ ಅನುಮಾನ ಬೇಡ. ಹೆಚ್ಚಾಗಿದ್ದರೆ ಒಂದು ವಾಸನೆಯೂ ಬರುತ್ತದೆ. ಕೆಲವರಿಗೆ ಅದು ಹಸಿ ಕೊತ್ತಂಬರಿಯ ನೆನಪು ತರುತ್ತದೆ.

ಹಾಸಿಗೆಯನ್ನು ಇನ್ನೊಂದು ಕೋಣೆಗೆ ಹೊತ್ತು ಹೋಗಬೇಡಿ. ತಿಗಣೆಯನ್ನು ನೀವೇ ಹಂಚಿದಂತಾಗುತ್ತದೆ. ಹೊದಿಕೆ, ದಿಂಬಿನ ಚೀಲ, ಬಟ್ಟೆಗಳನ್ನು ಆ ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಹೊರಗೆ ತಂದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಕೈ ಇಡಲಾಗದಷ್ಟು, ಅಂದರೆ 60 ಡಿಗ್ರಿಯಷ್ಟು ಬಿಸಿ ಇರಲಿ. ಮರದ ಅಥವಾ ಕಬ್ಬಿಣದ ಮಂಚವನ್ನು ಬಿಚ್ಚಿ ಅಂಗಳದಲ್ಲಿ ಕೂಡುಗಳಿಗೆ ಕುದಿಯುವ ನೀರು ಹೊಯ್ಯಿರಿ; ಈ ಕೆಲಸವನ್ನು ದೊಡ್ಡವರೇ ಮಾಡಬೇಕು. ಒಣಗಿದ ಮೇಲೆ ಬಿರುಕುಗಳಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚಿ. ತೆಳು ವಸ್ತುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಾರಸಿಯ ಬಿಸಿಲಿಗೆ ಇಡಬಹುದು, ತಿಗಣೆ ಓಡಿಹೋಗಲು ಅಲ್ಲಿ ನೆರಳಿಲ್ಲ. ದಪ್ಪ ಹತ್ತಿಯ ಹಾಸಿಗೆಗೆ ಇದು ಸಾಲದು, ನಡುವಿನವರೆಗೆ ಬಿಸಿ ಇಳಿಯುವುದಿಲ್ಲ. ಅದಕ್ಕೆ ಜಿಪ್ ಇರುವ ಪೂರ್ತಿ ಮುಚ್ಚುವ ಗವಸು ಹಾಕಿ, ಒಳಗಿದ್ದವು ಹೊರಬರಲಾರವು. ಆದರೆ ಅವು ಉಪವಾಸವಿದ್ದೂ ತಿಂಗಳುಗಟ್ಟಲೆ ಬದುಕಬಲ್ಲವು, ಗವಸನ್ನು ಒಂದು ವರ್ಷ ತೆಗೆಯಬೇಡಿ. ಹಾಗೆಯೇ ಮನೆಗೆ ಬೀಗ ಹಾಕಿ ಹದಿನೈದು ದಿನ ಊರಿಗೆ ಹೋದರೆ ತಿಗಣೆ ಸಾಯುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ.

ಆಮೇಲೆ ಮಂಚವನ್ನು ಒಂದು ದ್ವೀಪವನ್ನಾಗಿ ಮಾಡಿ. ಗೋಡೆಯಿಂದ ಅರ್ಧ ಅಡಿ ದೂರವಿಡಿ, ಹೊದಿಕೆ ನೆಲಕ್ಕೆ ತಾಗದಿರಲಿ, ನಾಲ್ಕು ಕಾಲಿನಡಿಯೂ ಸೋಪಿನ ನೀರು ತುಂಬಿದ ಬಟ್ಟಲಿಡಿ. ವಿದೇಶದ ಪುಸ್ತಕಗಳು ನುಣುಪಾದ ಖಾಲಿ ಬಟ್ಟಲೇ ಸಾಕು ಎನ್ನುತ್ತವೆ. ನಮ್ಮ ಬಿಸಿ ದೇಶದ ತಿಗಣೆ ನುಣುಪು ಗೋಡೆ ಹತ್ತುವುದರಲ್ಲಿ ಅವುಗಳಿಗಿಂತ ಜಾಣ. ಆದ್ದರಿಂದ ನೀರು ಬೇಕು. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಿಸಿ, ಇಲ್ಲವಾದರೆ ತಿಗಣೆ ಹೋಗಿ ಡೆಂಗಿಯ ಸೊಳ್ಳೆ ಬಂದೀತು. ನೆಲದ ಮೇಲೆ ಚಾಪೆ ಹಾಸಿ ಮಲಗುವ ಮನೆಗಳಲ್ಲಿ ಈ ಉಪಾಯ ನಡೆಯದು. ಅಲ್ಲಿ ಗೋಡೆ ನೆಲ ಸೇರುವ ಬಿರುಕನ್ನು ಸಿಮೆಂಟಿನಿಂದ ಮುಚ್ಚುವುದು, ಚಾಪೆಯನ್ನು ದಿನವೂ ಸುತ್ತಿ ಹೊರಗಿಡುವುದು, ವಾರಕ್ಕೊಮ್ಮೆ ಬಿಸಿನೀರು ಕಾಣಿಸುವುದು, ಇವೇ ದಾರಿ.

ನುಸಿಗುಳಿಗೆ, ಕರ್ಪೂರ, ಹಾಸಿಗೆಯಡಿ ಹರಡಿದ ಬೇವಿನ ಸೊಪ್ಪು, ಪ್ಲಗ್ಗಿಗೆ ಸಿಕ್ಕಿಸುವ ಶಬ್ದಯಂತ್ರ, ಇವುಗಳಿಂದ ತಿಗಣೆ ಮನೆ ಬಿಟ್ಟು ಹೋಗುವುದಿಲ್ಲ. ಸೀಮೆಎಣ್ಣೆ ತಾಗಿದಲ್ಲಿ ಮಾತ್ರ ಕೊಲ್ಲುತ್ತದೆ, ಬೆಂಕಿಯ ಭಯ ಬೇರೆ. ಹಳೆಯ ಉಪಾಯಗಳಲ್ಲಿ ನನಗೆ ಇಷ್ಟವಾದದ್ದು ಯುರೋಪಿನ ಬಾಲ್ಕನ್ ಪ್ರದೇಶದ್ದು. ಅಲ್ಲಿನವರು ರಾತ್ರಿ ಮಂಚದ ಸುತ್ತ ಹುರುಳಿಕಾಯಿ ಜಾತಿಯ ಗಿಡದ ಎಲೆ ಹರಡಿ, ಬೆಳಿಗ್ಗೆ ಅದರ ಮೇಲೆ ಸಿಕ್ಕಿಕೊಂಡ ತಿಗಣೆಗಳ ಸಮೇತ ಸುಡುತ್ತಿದ್ದರು. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲೆಯ ಮೇಲಿನ ಕೊಕ್ಕೆಯಂಥ ಸಣ್ಣ ರೋಮಗಳು ತಿಗಣೆಯ ಕಾಲಿಗೆ ಚುಚ್ಚಿ ಹಿಡಿಯುವುದು ಕಂಡಿತು. ಅದರಂತೆಯೇ ಕೃತಕ ಹಾಳೆ ಮಾಡಲು ಹೋದರು. ಎಲೆಯಷ್ಟು ಚೆನ್ನಾಗಿ ಅದು ಹಿಡಿಯಲಿಲ್ಲ.

ಕೊನೆಗೆ ಒಂದು ಗಂಭೀರ ವಿಷಯ. ಗೋದಾಮಿನ ಧಾನ್ಯಕ್ಕೆ ಹುಳು ಹಿಡಿಯದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಕೆಲವರು ತಿಗಣೆಗೆಂದು ಮನೆಯೊಳಗೆ ಇಡುತ್ತಾರೆ. ಗಾಳಿಯ ತೇವ ತಾಗಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಬಣ್ಣವಿಲ್ಲ, ಬಾಗಿಲಿನ ಸಂದು, ಗೋಡೆಯ ಬಿರುಕಿನ ಮೂಲಕ ಪಕ್ಕದ ಮನೆಗೂ ಹೋಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಮಲಗಿದ್ದವರು, ಅದರಲ್ಲೂ ಮಕ್ಕಳು, ಸತ್ತ ಸುದ್ದಿಯನ್ನು ನಮ್ಮ ದೇಶದ ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ. ಸಾಮಾನ್ಯ ಜನರಿಗೆ ಈ ಮಾತ್ರೆ ಮಾರುವಂತೆಯೇ ಇಲ್ಲ ಎಂದು ಕಾನೂನಿದೆ. ಮೊದಲಿಗೆ ವಾಂತಿ, ಹೊಟ್ಟೆನೋವು, ಉಸಿರಾಟದ ಕಷ್ಟ ಕಾಣಿಸುವುದರಿಂದ ಊಟದ ದೋಷ ಎಂದು ತಿಳಿದು ಕಾಲ ಕಳೆಯುವುದುಂಟು. ಪಕ್ಕದಲ್ಲಿ ಯಾರಾದರೂ ಇದನ್ನು ಇಟ್ಟರೆಂದು ತಿಳಿದರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ಆಸ್ಪತ್ರೆಯಲ್ಲಿ ಮಾತ್ರೆಯ ಹೆಸರನ್ನೇ ಹೇಳಿ. ತಿಗಣೆಯಾದರೋ, ತಿಳಿದಮಟ್ಟಿಗೆ, ಮನುಷ್ಯನಿಗೆ ಯಾವ ರೋಗವನ್ನೂ ಹರಡುವುದಿಲ್ಲ. ತುರಿಕೆ, ಕೆಟ್ಟ ನಿದ್ದೆ, ಕೆರೆದ ಗಾಯ ಕೀವಾಗುವುದು, ಬಹಳ ಹೆಚ್ಚಾದರೆ ರಕ್ತಹೀನತೆ, ಅದರ ಕಾಟ ಇಷ್ಟು. ಇದಕ್ಕಾಗಿ ಜೀವ ತೆರಬೇಕೆ?

ಔಷಧಿಯೇ ಬೇಕಾದಾಗ ಪರವಾನಗಿ ಇರುವವರಿಂದ ಮಾಡಿಸಿ, ಯಾವ ಔಷಧಿ ಎಂದು ಬರೆಸಿಕೊಳ್ಳಿ, ಎಷ್ಟು ಹೊತ್ತು ಹೊರಗಿರಬೇಕೆಂದು ಕೇಳಿ. ಎರಡು ವಾರ ಬಿಟ್ಟು ಅವರೇ ಮತ್ತೊಮ್ಮೆ ಬರಬೇಕು. ಅಷ್ಟರಲ್ಲಿ ಉಳಿದ ಮೊಟ್ಟೆಗಳು ಒಡೆದಿರುತ್ತವೆ. ಹಾಸ್ಟೆಲಿನಲ್ಲಿರುವವರು ಒಂದೇ ಕೋಣೆಗೆ ಮಾಡಿಸಿ ಪ್ರಯೋಜನವಿಲ್ಲ. ಅಕ್ಕಪಕ್ಕದ, ಮೇಲಿನ, ಕೆಳಗಿನ ಕೋಣೆಗಳಿಗೂ ಒಟ್ಟಿಗೆ ಆಗಬೇಕು. ನಾಲ್ಕು ಜನ ಸೇರಿ ವಾರ್ಡನ್ನರಿಗೆ ಬರೆದುಕೊಡಿ. ರಜೆಗೆ ಊರಿಗೆ ಹೋದಾಗ ಟ್ರಂಕನ್ನು ಮಂಚದ ಮೇಲಿಡದೆ ಅಂಗಳದಲ್ಲೇ ಬಿಚ್ಚಿ, ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ. ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್ ಎಲ್ಲಾದರೂ ಸಿಕ್ಕರೆ ನಾಲ್ಕು ದಿನ ಇಡಬಹುದು. ಹಳೆಯ ಮಂಚ ಕೊಳ್ಳುವಾಗ ಸ್ಕ್ರೂ ತೂತುಗಳನ್ನು ನೋಡಿಯೇ ದುಡ್ಡು ಕೊಡಿ. ಕೆಲಸ ಮುಗಿದ ಮೇಲೂ ಎರಡು ತಿಂಗಳು ವಾರಕ್ಕೊಮ್ಮೆ ಟಾರ್ಚ್ ಹಿಡಿದು ಅದೇ ಸಂದುಗಳನ್ನು ನೋಡುತ್ತಿರಿ. ಹೊಸ ಕಪ್ಪು ಚುಕ್ಕೆಯಾಗಲಿ, ಬಟ್ಟಲಿನಲ್ಲಿ ತೇಲುವ ತಿಗಣೆಯಾಗಲಿ ಕಾಣದಿದ್ದರೆ ಮಂಚವನ್ನು ಮತ್ತೆ ಗೋಡೆಗೆ ತಳ್ಳಬಹುದು.