ಕ್ವಾಂಟಮ್ ಪ್ರಯೋಗಾಲಯದಲ್ಲಿ ಎಲ್ಲರ ಕಾಯಕ



ಕ್ವಾಂಟಮ್ ಕಂಪ್ಯೂಟರ್ ಎಂದರೆ ಭೌತವಿಜ್ಞಾನಿಗಳ ಸ್ವತ್ತು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದನ್ನು ಕಟ್ಟುವ ಕೆಲಸ ನೋಡಿದರೆ ಹಾಗಲ್ಲ. ಅದರಲ್ಲಿ ಒಂದು ಬಗೆಯ ಯಂತ್ರಕ್ಕೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್ ಶೀತ ಬೇಕು. ಆ ಶೀತಕ, ಅದರ ಪಂಪು, ಕೊಳವೆಗಳಿಗೆ ಮೆಕ್ಯಾನಿಕಲ್ ಎಂಜಿನಿಯರ್ ಬೇಕು. ಚಿಪ್ಪಿಗೆ ಆಜ್ಞೆ ಕೊಡುವ ಮೈಕ್ರೋವೇವ್ ಸಂಕೇತಕ್ಕೆ ಎಲೆಕ್ಟ್ರಾನಿಕ್ಸ್‌ನವರು ಬೇಕು. ಚಿಪ್ಪಿನ ಲೋಹವನ್ನು ಪದರ ಪದರವಾಗಿ ಕೂರಿಸಲು ವಸ್ತುವಿಜ್ಞಾನಿ, ಲೆಕ್ಕದ ತಪ್ಪುಗಳನ್ನು ತಿದ್ದುವ ವಿಧಾನಕ್ಕೆ ಗಣಿತಜ್ಞ ಬೇಕು.

2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳ ಪೈಕಿ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದೆ.

ಆದರೆ ನಮ್ಮ ಕಾಲೇಜುಗಳಲ್ಲಿ ವಿಭಾಗ ವಿಭಾಗಗಳ ನಡುವೆ ಗೋಡೆ ಇದೆ. ಪಾಲಕರಿಗೆ ಕಂಪ್ಯೂಟರ್ ಸೈನ್ಸ್ ಒಂದೇ ಮೇಲು. ಮಿಕ್ಕ ವಿಭಾಗಕ್ಕೆ ಸೇರಿದ ಮಗು ಕುಗ್ಗಿಹೋಗುತ್ತದೆ. ಈ ಮೇಲುಕೀಳು ಉಳಿದರೆ, ಕೇಂದ್ರ ಬೆಂಗಳೂರಿನಲ್ಲಿದ್ದರೂ ಯಂತ್ರ ಕಟ್ಟುವ ಕೈಗಳನ್ನು ಹೊರಗಿನಿಂದ ತರಬೇಕಾದೀತು.

ಸಂಸ್ಥೆಗಳ ಹಿರಿಯರಲ್ಲಿ ನನ್ನದೊಂದೇ ಬಿನ್ನಹ: ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾಲ್ಕು ವಿಭಾಗಗಳ ಮಕ್ಕಳನ್ನು ಒಂದೇ ತಂಡದಲ್ಲಿ ಕೂರಿಸಿ, ಬಿ.ಎಸ್ಸಿ. ಮಕ್ಕಳನ್ನೂ ಕರೆಯಿರಿ. ಇದಕ್ಕೆ ಹೊಸ ಕಟ್ಟಡ ಬೇಡ, ಮನಸ್ಸು ಸಾಕು.